ಏಳು ವರ್ಷ ಸಾಲದು

“ಏಳು ವರ್ಷ ಸಾಲದು ಅಂತ ಬರೀರಿ ಸರ್. ಅಷ್ಟೇ ಸಾಕು ನನಗೆ.”

ಸರ್ಕಾರಿ ವಕೀಲರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಈ ಹೆಂಗಸು ಒಂದು ತಿಂಗಳಿಂದ ದಿನಾ ಬರುತ್ತಿದ್ದಳು. ಇಸ್ತ್ರಿ ಅಂಗಡಿಯ ಕೆಲಸ ಮುಗಿಸಿ ಬರುವವಳು. ಮೊಣಕೈವರೆಗೂ ಸುಟ್ಟ ಕಲೆಗಳು. ಕಂಕುಳಲ್ಲಿ ತೀರ್ಪಿನ ನಕಲು. ನೀವು ಯಾರು ಎಂದು ಕಚೇರಿಯಲ್ಲಿ ಒಬ್ಬರೂ ಅವಳನ್ನು ಕೇಳಿರಲಿಲ್ಲ. ಕೇಳುವುದೇನಿದೆ? ಶಿಕ್ಷೆ ಕಡಿಮೆಯಾಯಿತೆಂದು ಕಣ್ಣೀರು ಹಾಕಿಕೊಂಡು ಅಲ್ಲಿಗೆ ಬರುವವರು ಸತ್ತವರ ಕಡೆಯವರೇ. ಹೊರಗಿನ ಬೆಂಚು ಸವೆದದ್ದೇ ಅಂಥವರಿಂದ.

ಕೇಸು ಸಣ್ಣದು. ಅಚ್ಚುಕೂಟದ ಹಿಂದೆ ಒಂದು ಜಗಳ, ತಲೆಗೆ ಕಬ್ಬಿಣದ ಸಲಾಕೆಯ ಏಟು, ಇಪ್ಪತ್ತೆರಡರ ಹುಡುಗನೊಬ್ಬ ಸತ್ತ. ಹೊಡೆದವನೆಂದು ಸಾಬೀತಾದವನಿಗೂ ಅದೇ ವಯಸ್ಸು. ಅದಕ್ಕೇ ನ್ಯಾಯಾಧೀಶರು ಕರುಣೆ ತೋರಿಸಿ ಏಳೇ ವರ್ಷ ಕೊಟ್ಟಿದ್ದರು.

“ಹೋಗಲಿ ಬಿಡಮ್ಮ, ಶಿಕ್ಷೆಯಂತೂ ಆಗಿದೆಯಲ್ಲ. ಮುಂದಿನ ವಾರ ನೋಡೋಣ,” ಎಂದರು ವಕೀಲರು. ಅವರ ಮುಂದಿನ ವಾರ ಯಾವ ಕ್ಯಾಲೆಂಡರಿನಲ್ಲೂ ಇಲ್ಲವೆಂದು ಕಚೇರಿಯವರು ಬೆನ್ನ ಹಿಂದೆ ನಗುತ್ತಿದ್ದರು.

“ಅಪೀಲಿಗೆ ನಿಮಗೆ ಇರೋದು ತೊಂಬತ್ತು ದಿನ ಸರ್. ನಾಡಿದ್ದಿಗೆ ಮುಗಿಯುತ್ತೆ.”

ವಕೀಲರು ತಬ್ಬಿಬ್ಬಾಗಿ ಗುಮಾಸ್ತರ ಕಡೆ ನೋಡಿದರು. ಮುದಿ ಗುಮಾಸ್ತರು ಬೆರಳು ಮಡಿಸಿ ಎಣಿಸಿ, ಹೌದೆಂದು ತಲೆಯಾಡಿಸಿದರು.

ಕಡತ ಹೊರಬಂತು. ಗುಮಾಸ್ತರು ಮೇಲ್ಮನವಿ ಟೈಪು ಮಾಡುತ್ತಲೇ ದನಿ ತಗ್ಗಿಸಿದರು. ಕಹಿಯನ್ನು ಮೊದಲೇ ಹೇಳಿಬಿಡುವುದು ಅವರ ಪದ್ಧತಿ.

“ಒಂದು ಮಾತು ತಾಯಿ. ನಾವು ಅಪೀಲು ಹಾಕಿದ್ರೆ ಇಡೀ ಕೇಸು ಮತ್ತೆ ತೆರೆಯುತ್ತೆ. ಜೀವಾವಧಿ ಆಗಬಹುದು, ನೇಣೂ ಆಗಬಹುದು. ಆದ್ರೆ ‘ನಾನು ಮಾಡಿಲ್ಲ’ ಅಂತ ವಾದಿಸೋ ಹಕ್ಕು ಜೈಲಲ್ಲಿರೋ ಅವನಿಗೂ ಬರುತ್ತೆ. ನಾವು ಸುಮ್ನಿದ್ರೆ ಅವನಿಗೆ ಅದಿಲ್ಲ. ಅವನ ಮೂವತ್ತು ದಿನ ಯಾವತ್ತೋ ಮುಗೀತು. ಅವನ ವಕೀಲ ಮರೆತು ಮಲಗಿಬಿಟ್ಟ.”

ಅವಳು ಕಾಗದದ ಅಂಚನ್ನು ಹಿಂಡುತ್ತಿದ್ದಳು. “ಹಾಗೆ ಬಿಡುಗಡೆ ಆದವರು ಇದ್ದಾರಾ?”

“ಹೆದರ್ಬೇಡಿ. ನನ್ನ ಇಪ್ಪತ್ತೆಂಟು ವರ್ಷದ ಸರ್ವೀಸಲ್ಲಿ ಒಬ್ಬನೇ ಒಬ್ಬ.”

ಅವಳ ಮುಖ ಬಾಡಿತು. “ಒಬ್ಬ ಇದ್ದಾನಲ್ಲ,” ಎಂದಳು.

ಪಾಪ, ಆ ಒಬ್ಬನಿಗೂ ಹೆದರುತ್ತಾಳೆ ಎಂದು ಗುಮಾಸ್ತರ ಕರುಳು ಚುರುಕ್ಕೆಂದಿತು. ತಾವೇ ಓಡಿಹೋಗಿ ಸಹಿ ಹಾಕಿಸಿಕೊಂಡು, ಅದೇ ದಿನ ಕೋರ್ಟಿಗೆ ಸಲ್ಲಿಸಿ ಬಂದರು. ಅವಳು ಕೈಮುಗಿದಳು. ತೀರ್ಪಿನ ನಕಲನ್ನು ಮತ್ತೆ ಕಂಕುಳಿಗೆ ಸೇರಿಸಿಕೊಂಡು ಹೊರಟುಹೋದಳು.

ಹನ್ನೆರಡನೆಯ ದಿನ ಜೈಲಿಗೆ ನೋಟೀಸು ತಲುಪಿತು. ಭೇಟಿಯ ಕೋಣೆಯಲ್ಲಿ, ತಂತಿಬಲೆಯ ಆಚೆ, ಕೈದಿ ಅದನ್ನು ಹಿಡಿದು ನಿಂತಿದ್ದ. ತೀರ್ಪಾದ ಮೇಲೆ ಅವನಿಗೆ ಊಟವೇ ಸೇರುತ್ತಿರಲಿಲ್ಲ. ಅಂಗಿಯೊಳಗೆ ಮೈಯೇ ಇರಲಿಲ್ಲ. ಇನ್ನು ಏಳು ವರ್ಷವಲ್ಲ, ಏಳು ತಿಂಗಳು ಬದುಕುವುದೂ ಅನುಮಾನವೆಂದು ಜೈಲಿನ ಡಾಕ್ಟರೇ ಹೇಳಿದ್ದರು.

“ನೇಣು ಕೇಳ್ತಾರಂತಮ್ಮಾ,” ಎಂದು ಅವನು ಅತ್ತುಬಿಟ್ಟ. “ಅವತ್ತು ಸಂಜೆ ನಾನು ಮನೇಲೇ ಇದ್ದೆ, ನಿನಗೊಬ್ಬಳಿಗೆ ಗೊತ್ತು. ಯಾರೂ ನಂಬ್ಲಿಲ್ಲ. ಈಗ ಇದು ಬೇರೆ. ನನ್ನ ಮೇಲೆ ಯಾರಿಗೆ ಇಷ್ಟು ಹಗೆ? ಯಾರು ಹಾಕಿಸಿದ್ದು ಇದನ್ನ?”

“ನಾನೇ ಮಗನೇ. ನಿನ್ನ ಮಾತನ್ನ ಇನ್ನೊಂದ್ಸಲ ಕೇಳಿಸೋಕೆ ನನಗೆ ಬೇರೆ ಬಾಗಿಲು ಸಿಗಲಿಲ್ಲ.”