ಒಬ್ಬರ ಮೇಲೆಯೇ ಇಟ್ಟದ್ದು

ಒಬ್ಬರ ಮೇಲೆಯೇ ಪ್ರೀತಿಯನ್ನೆಲ್ಲ ಇಟ್ಟು, ಅವರು ಸತ್ತಾಗ ತಾವೂ ಎದೆಯೊಡೆದು ಸಾಯುವವರು ಹೆಚ್ಚಾಗಿದ್ದರು. ಹಾಗಾಗಿ ವರ್ಷಕ್ಕೊಮ್ಮೆ ಪ್ರೀತಿಯ ಹಂಚಿಕೆ ಸರಿಮಾಡಿಸಿಕೊಂಡು ಬರುವುದು ಹುಬ್ಬಳ್ಳಿಯ ಮಂದಿಗೆ ಡಾಕ್ಟರಿಗೆ ಹಲ್ಲು ತೋರಿಸಿಕೊಂಡು ಬಂದಷ್ಟೇ ಸಾಮಾನ್ಯವಾಗಿತ್ತು. ಆ ದಿನ ನೀಲವ್ವ ಗಂಡ ಮಲ್ಲೇಶಪ್ಪನೊಂದಿಗೆ ಹಂಚಿಕೆ ಕಚೇರಿಗೆ ಬಂದಿದ್ದಳು. ಮೊದಲು ಅವನನ್ನು ಕರೆದರು. ಅವನು ಹೊರಬಂದ ಮೇಲೆ ಅವಳು ಒಳಗೆ ಹೋದಳು.

ಸಲಹೆಗಾರ್ತಿ ಶಾಹೀನ್ ಪರದೆಯ ಮೇಲೆ ದುಂಡನೆಯ ಚಿತ್ರವೊಂದನ್ನು ತೋರಿಸಿದಳು. ಅದು ಹೆಚ್ಚುಕಡಿಮೆ ಪೂರ್ತಿ ಒಂದೇ ಬಣ್ಣದ್ದಾಗಿತ್ತು.

"ಇದೆಲ್ಲಾ ನಿಮ್ಮ ಯಜಮಾನ್ರ ಪಾಲು ನೋಡ್ರಿ ಅವ್ವಾರ. ಅವರ ಹಾರ್ಟ್ ರಿಪೋರ್ಟ್ ಛಲೋ ಇಲ್ಲ. ಅರ್ಧಾನಾದ್ರೂ ತಗದು ಮೊಮ್ಮಕ್ಕಳ ಮ್ಯಾಲೆ, ಓಣಿ ಮಂದಿ ಮ್ಯಾಲೆ ಹಾಕೋಣ. ಒಂದು ಹೋದ್ರ ಇನ್ನೊಂದು ಕೈ ಹಿಡೀತದ. ನೋವೇನೂ ಆಗೂದಿಲ್ಲ."

"ಬ್ಯಾಡವಾ," ಎಂದಳು ನೀಲವ್ವ. "ಹೋದ್ರ ಎಲ್ಲಾ ಹೋಗಲಿ. ಅದು ಅಲ್ಲೇ ಇರಲಿ."

"ನಿಮ್ಮಿಷ್ಟರಿ. ನಿಮಗೂ ವಯಸ್ಸಾತು, ಸಕ್ಕರಿ ಕಾಯಿಲೆ ಐತಿ ಅಂತ ಯಜಮಾನ್ರಿಗೂ ಇದನ್ನ ಹೇಳಿದ್ದೆ. ಅವರು ಹೂಂ ಅಂದ್ರು."

"ಅವರು ಅರ್ಧ ತಗಸ್ಯಾರೇನು?"

ಶಾಹೀನ್ ಮುಖ ತಗ್ಗಿಸಿದಳು. "ಅರ್ಧ ಸಾಕು ಅಂತ ನಾ ಹೇಳಿದ್ದೆರಿ."

ನೀಲವ್ವ ದಡಬಡಿಸಿ ಹೊರಬಂದಳು. ಬೆಂಚಿನ ಮೇಲೆ ಹಾಯಾಗಿ ಕೂತಿದ್ದ ಮಲ್ಲೇಶಪ್ಪ ಅವಳನ್ನು ಕಂಡು ಮರ್ಯಾದೆಯಿಂದ ಎದ್ದು ನಿಂತ. ಮದುವೆಯಾದಂದಿನಿಂದ ಅವಳನ್ನು ಏಕವಚನದಲ್ಲೇ ಕರೆದವನು ಅವನು.

"ಮುಗೀತೇನ್ರಿ? ನೀವು ಆಟೋದಾಗ ಮನಿಗೆ ಹೋಗ್ರಿ. ನಾ ಆಮ್ಯಾಲೆ ಬರ್ತೀನಿ."

ನೀಲವ್ವ ಅವನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅವನು ಅವಳ ಬೆರಳುಗಳನ್ನು ಒಂದೊಂದಾಗಿ, ಸ್ವಲ್ಪವೂ ಸಿಟ್ಟಿಲ್ಲದೆ, ಬಿಡಿಸಿಕೊಂಡ.