ಸಂಜೆಯ ಕ್ಯಾಪ್ಸೂಲು

ಕಸದ ಬುಟ್ಟಿಯಲ್ಲಿ, ಈರುಳ್ಳಿ ಸಿಪ್ಪೆಯ ಅಡಿಯಲ್ಲಿ, ಕ್ಯಾಪ್ಸೂಲಿನ ಎರಡು ಹೋಳುಗಳು ಸಿಕ್ಕವು. ಒಂದು ಕೆಂಪು, ಒಂದು ಹಳದಿ. ಒಳಗಿನ ಪುಡಿ ಇರಲಿಲ್ಲ. ಕೆದಕಿದರೆ ಅಂಥವೇ ಇನ್ನೂ ಕೆಲವು. ಸೊಸೆ ಅವನ್ನು ಅಂಗೈಯಲ್ಲಿ ಹಿಡಿದು ಅಡುಗೆಮನೆಯ ನೆಲದ ಮೇಲೆಯೇ ಕುಳಿತಳು. ಸಿಟ್ಟು ಮಾಡುವುದಕ್ಕೂ ಮೈಯಲ್ಲಿ ತ್ರಾಣ ಬೇಕಲ್ಲ.

ಅತ್ತೆಯ ಕಾಲ್ಬೆರಳ ಹುಣ್ಣು ಯಾಕೆ ಮಾಯುತ್ತಿಲ್ಲ ಎಂಬುದು ಈಗ ತಿಳಿಯಿತು. ಮೊದಲೇ ಸಕ್ಕರೆ ಕಾಯಿಲೆಯ ಕಾಲು. ಕೀವು ಒಳಗಿಳಿದರೆ ಬೆರಳನ್ನೇ ತೆಗೆಯಬೇಕಾದೀತು ಎಂದು ಡಾಕ್ಟರು ಹೇಳಿದ್ದರು. ಬೆಳಿಗ್ಗೆ ಒಂದು, ಸಂಜೆ ಒಂದು. ನೋವು ಇಳಿಯಿತೆಂದು ನಡುವೆ ಬಿಡಬಾರದು, ಕೊಟ್ಟಷ್ಟನ್ನೂ ಮುಗಿಸಬೇಕು ಎಂದು ಒತ್ತಿ ಹೇಳಿದ್ದರು. ಈ ಔಷಧಿ ಕೆಲವರ ಮೈಗೆ ಒಗ್ಗದು, ಹಿಂದೆ ಎಂದಾದರೂ ತೊಂದರೆಯಾಗಿತ್ತೇ ಎಂದು ಅತ್ತೆಯನ್ನು ವಿಚಾರಿಸಿಯೇ ಚೀಟಿ ಬರೆದಿದ್ದರು. ಸೊಸೆ ಕೆಮ್ಮಿದಾಗ, ನಿಮ್ಮ ಗಂಟಲನ್ನೂ ನೋಡಿಬಿಡಲೇ ಎಂದೂ ಕೇಳಿದ್ದರು. ಕೆಲಸಕ್ಕೆ ಹೊತ್ತಾಗಿತ್ತು. ನನಗೇನು ಧಾಡಿ ಎಂದು ಅವಳು ಎದ್ದು ಬಂದಿದ್ದಳು.

ಬೆಳಗಿನ ಕ್ಯಾಪ್ಸೂಲನ್ನು ಸೊಸೆ ಎದುರಿಗೆ ನಿಂತು ನುಂಗಿಸಿಯೇ ಹೊರಡುತ್ತಿದ್ದಳು. ಸಂಜೆಯದು ಅತ್ತೆಯ ನಿಯತ್ತಿಗೆ ಬಿಟ್ಟದ್ದು. ದಿನವಿಡೀ ಲಾಂಡ್ರಿಯಲ್ಲಿ ಹೋಟೆಲುಗಳ ಹಾಸು ಹೊದಿಕೆ ಒಗೆದು, ಇಸ್ತ್ರಿ ಹಾಕಿ ಬರುವವಳು ಇನ್ನು ಯಾವುದನ್ನೆಂದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದು? ಗಂಡ ಲಾರಿ ಹತ್ತಿ ಹೋದರೆ ವಾರಗಟ್ಟಲೆ ಪತ್ತೆಯಿಲ್ಲ. ಲಾಂಡ್ರಿಗೆ ಹೊಸ ಸೋಪಿನ ಪುಡಿ ಬಂದ ಮೇಲೆ ಅವಳ ತೋಳು, ಕುತ್ತಿಗೆಯೆಲ್ಲ ತುರಿಕೆ ಬೇರೆ. ಇಷ್ಟರ ನಡುವೆ ಈ ಮೊಂಡಾಟ. ಮಾಡಿದ ಆರೈಕೆಯೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಯಿತು.

ಹೋಳುಗಳನ್ನು ಅತ್ತೆಯ ಮುಂದೆ ಹಿಡಿದಳು.

"ಪುಡಿ ಎಲ್ಲಿ ಚೆಲ್ಲಿದ್ರಿ ಅತ್ತೆ?"

ಅತ್ತೆ ಕನ್ನಡಕ ಸರಿಮಾಡಿಕೊಂಡರು. "ಚೆಲ್ಲೋದಾ? ಒಂದು ಚೂರೂ ಹಾಳು ಮಾಡಿಲ್ಲ ಕಣಮ್ಮ."

ಅತ್ತೆ ಸುಳ್ಳು ಹೇಳುವ ಹೆಂಗಸಲ್ಲ, ಅದೇ ಸೋಜಿಗ. ಮನೆ ತುಂಬ ಮಕ್ಕಳನ್ನು ಸಾಕಿದವರು, ಒಂದು ಬಾಳೆಹಣ್ಣನ್ನೂ ಒಬ್ಬರೇ ತಿಂದು ಗೊತ್ತಿಲ್ಲ. ಮೊನ್ನೆ ಪಟ್ಟಿ ಬಿಚ್ಚುವಾಗ, ನನ್ನ ಬೆರಳು ಹೋದರೆ ಹೋಗಲಿ, ನೀನು ಮಲಗಿದರೆ ಈ ಮನೆಯೇ ಮಲಗುತ್ತೆ ಎಂದಿದ್ದರು. ಬದುಕುವ ಆಸೆಯನ್ನೇ ಬಿಟ್ಟರೇ ಎಂದು ಸೊಸೆ ಹೆದರಿದಳು. ನಾಳೆಯಿಂದ ಸಂಜೆಯದನ್ನೂ ತನ್ನೆದುರಿಗೇ ನುಂಗಬೇಕು ಎಂದು ಕಟ್ಟುನಿಟ್ಟಾಗಿ ಹೇಳಿದಳು.

"ಆಯ್ತು. ಮೊದಲು ನೀನು ಟೀ ಕುಡಿ, ಆರಿಹೋಗುತ್ತೆ."

ಅತ್ತೆ ಕುಂಟುತ್ತ ಹೋಗಿ ಲೋಟ ತಂದರು. ಅವರದು ಸಕ್ಕರೆಯಿಲ್ಲದ ಟೀ, ಸೊಸೆಯದು ಬೇರೆ. ಈಚೆಗೆ ಅತ್ತೆಯ ಕೈ ಅಳತೆ ತಪ್ಪಿತ್ತು; ಎಷ್ಟು ಸಕ್ಕರೆ ಹಾಕಿದರೂ ಒಂಥರಾ ಕಹಿ. ಆ ಕಾಲಿಟ್ಟುಕೊಂಡು ಅವರು ಮಾಡುತ್ತಿದ್ದದ್ದೇ ಅದೊಂದು ಕೆಲಸ. ಅದಕ್ಕೂ ಕೊಂಕು ತೆಗೆದರೆ ನೊಂದುಕೊಂಡಾರು. ಸೊಸೆ ಗಟಗಟನೆ ಕುಡಿದು ಮುಗಿಸಿದಳು.

ಮರುದಿನ ಮಾಲೀಕನನ್ನು ಗೋಗರೆದು ಅರ್ಧ ದಿನದ ರಜೆ ಪಡೆದು ಅತ್ತೆಯನ್ನು ಡಾಕ್ಟರ ಬಳಿ ಕರೆದೊಯ್ದಳು. ಹೋಳುಗಳನ್ನು ಮೇಜಿನ ಮೇಲಿಟ್ಟಳು. ನನ್ನ ಕೈಲಿ ಇನ್ನಾಗದು, ನೀವೇ ಬುದ್ಧಿ ಹೇಳಿ ಎನ್ನುವಷ್ಟರಲ್ಲಿ ಅವಳಿಗೆ ಅಳುವೇ ಬಂತು.

ಕಾಲು ನೋಡಲು ಬಗ್ಗಿದ್ದ ಡಾಕ್ಟರು ಅರ್ಧಕ್ಕೇ ತಲೆಯೆತ್ತಿದರು. ಅವರು ನೋಡುತ್ತಿದ್ದದ್ದು ಸೊಸೆಯ ಕುತ್ತಿಗೆಯ ಕೆಂಪು ದದ್ದನ್ನು, ಊದಿದ ತುಟಿಯನ್ನು. ಯಾವ ಔಷಧಿ ತೆಗೆದುಕೊಳ್ಳುತ್ತಿದ್ದೀರಿ ಎಂದು ಕೇಳಿದರು. ಯಾವುದೂ ಇಲ್ಲ, ಸೋಪಿನ ಪುಡಿ ಆಗಿಬರುತ್ತಿಲ್ಲ ಎಂದಳು. ಸೋಪಿನ ಪುಡಿಗೆ ತುಟಿ ಹೀಗೆ ಊದುವುದಿಲ್ಲ ಎಂದು ಅವರು ಇಂಜೆಕ್ಷನ್ ತರಲು ನರ್ಸನ್ನು ಕೂಗಿದರು.

ಅತ್ತೆ ಹುಣ್ಣಿನ ಕಾಲನ್ನೇ ನೆಲಕ್ಕೂರಿ ಎದ್ದು ನಿಂತಿದ್ದರು.

"ಕೆಮ್ಮಿ ಕೆಮ್ಮಿ ಸಾಯ್ತಿದ್ಲು, ನಿಮ್ಮ ಹತ್ರ ಬಾ ಅಂದ್ರೆ ಬರ್ತಿರ್ಲಿಲ್ಲ ಡಾಕ್ಟ್ರೇ," ಎಂದರು. "ಅದಕ್ಕೇ ಸಂಜೇದನ್ನ ಅವಳ ಟೀಗೆ ಹಾಕ್ತಿದ್ದೆ."