ಹೊಟ್ಟೆನೋವಿನ ಔಷಧಿ

ಪುದೀನ ವಾಸನೆಯ ಆ ಗುಲಾಬಿ ಬಣ್ಣದ ಔಷಧಿಯನ್ನು ನಾನು ಇವತ್ತಿಗೂ ಮನೆಯೊಳಗೆ ತರುವುದಿಲ್ಲ.

ಮೊಳಕಾಲ್ಮೂರಿನ ನಮ್ಮ ಮನೆಯಲ್ಲಿ ಅಪ್ಪ ರೇಷ್ಮೆ ಸೀರೆ ನೇಯುತ್ತಿದ್ದ. ಬೆಳಿಗ್ಗೆ ಕುಡಿಯದಿದ್ದರೆ ಕೈ ನಡುಗಿ, ಹರಿದ ಎಳೆ ಜೋಡಿಸಲು ಅವನಿಂದ ಆಗುತ್ತಿರಲಿಲ್ಲ. ಒಂದು ದಿನ ಮಗ್ಗದ ಗುಂಡಿಯಿಂದ ಎದ್ದು ಬಂದು, "ನನ್ ಕೈಲಿ ಕುಡಿಯದು ಬಿಡಕ್ಕಾಗ್ತಿಲ್ಲ ಕಣೇ. ಚಳ್ಳಕೆರೆ ಡಾಕ್ಟ್ರತ್ರ ಕರ್ಕೊಂಡೋಗು" ಎಂದು ಅವ್ವನಿಗೆ ಹೇಳಿದ. ಅಪ್ಪ ಅವಳಲ್ಲಿ ಏನನ್ನಾದರೂ ಬೇಡಿದ್ದನ್ನು ನಾನು ಕಂಡಿದ್ದು ಅದೇ ಮೊದಲು.

ಮಧ್ಯಾಹ್ನದ ಬಸ್ಸಿಗೆ ಮೂವರೂ ಹೋದೆವು. ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ ಅಪ್ಪ ದಾರಿಯುದ್ದಕ್ಕೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದ. ಡಾಕ್ಟರ ಪಕ್ಕದಲ್ಲಿದ್ದ ನರ್ಸಮ್ಮ ಅವ್ವನನ್ನು ನೋಡಿ ನಕ್ಕಳು. ಅಕ್ಕನನ್ನು ಒಪ್ಪಿ ಹೋಗಿದ್ದ ಹುಡುಗನ ಸೋದರತ್ತೆ ಅವಳು.

"ಏನ್ ತೊಂದ್ರೆ?" ಎಂದರು ಡಾಕ್ಟರು.

"ಸಾರ್, ನಾನು ದಿನಾ..." ಎಂದು ಅಪ್ಪ ಶುರು ಮಾಡಿದ.

"ಹೊಟ್ಟೆನೋವು ಸಾರ್" ಎಂದಳು ಅವ್ವ. "ಖಾರ ಜಾಸ್ತಿ ತಿಂತಾರೆ."

ಅಪ್ಪ ಅವಳ ಮುಖ ನೋಡಿದ. ಆಮೇಲೆ ನಡುಗುವ ಕೈಯನ್ನು ಹೊಟ್ಟೆಗೆ ಒತ್ತಿಕೊಂಡು, "ಹೌದು ಸಾರ್, ಇಲ್ಲೇ" ಎಂದ.

ಹೊರಗೆ ಬಂದ ಮೇಲೆ ಅವ್ವ ಔಷಧಿಯ ಬಾಟಲಿಯನ್ನು ಸೆರಗಿನಲ್ಲಿ ಸುತ್ತಿಕೊಳ್ಳುತ್ತ, "ಮಗಳ ಮದ್ವೆ ಒಂದು ಆಗ್ಲಿ, ಮತ್ತೆ ಬರಾನ" ಎಂದಳು. ಅಪ್ಪ ತಲೆಯಾಡಿಸಿದ.

ಅಕ್ಕನ ಮದುವೆ ಚೆನ್ನಾಗಿಯೇ ಆಯಿತು. ಆ ಗುಲಾಬಿ ಔಷಧಿಯನ್ನು ಅಪ್ಪ ಒಂದು ಹೊತ್ತೂ ತಪ್ಪಿಸದೆ ಕುಡಿದು ಮುಗಿಸಿದ. ಡಾಕ್ಟರ ಹತ್ತಿರ ಕರೆದುಕೊಂಡು ಹೋಗು ಎಂದು ಮಾತ್ರ ಮತ್ತೆ ಕೇಳಲಿಲ್ಲ.